ಹೊಗೆ ತೆರಿಗೆಯ ಅಳಿಯ

ಭದ್ರಾವತಿಯ ಹಳೇನಗರದ ಕಲ್ಲಪ್ಪನವರಿಗೆ ಸರ್ಕಾರವೆಂದರೆ ಭಯ. ತಪ್ಪು ಮಾಡಿದವರಿಗಿರುವ ಭಯವಲ್ಲ ಅದು. ಯಾವ ತಪ್ಪನ್ನೂ ಮಾಡದಿದ್ದರೂ ತಮ್ಮ ಹೆಸರಿನಲ್ಲಿ ಎಲ್ಲೋ ಒಂದು ತಪ್ಪು ದಾಖಲಾಗಿಯೇ ಇದೆ ಎಂದು ಗಟ್ಟಿಯಾಗಿ ನಂಬಿದವರ ಭಯ. ಬಸ್ಸಿನಲ್ಲಿ ಟಿಕೆಟ್ ಕೊಂಡರೆ ಇಳಿಯುವವರೆಗೂ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿರುತ್ತಿದ್ದರು. ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನಿಗೆ ಕೈಮುಗಿಯದೆ ಒಳಗೆ ಕಾಲಿಟ್ಟವರಲ್ಲ. ಒಮ್ಮೆ ಜನಗಣತಿಗೆ ಬಂದ ಮೇಡಂ "ಮನೇಲಿ ಎಷ್ಟು ಜನ?" ಎಂದು ಕೇಳಿದಾಗ, ಗಾಬರಿಯಲ್ಲಿ ತಮ್ಮನ್ನೇ ಎಣಿಸಿಕೊಳ್ಳಲು ಮರೆತುಬಿಟ್ಟಿದ್ದರು.

ಇಂಥವರಿಗೆ ಸಿಕ್ಕ ಅಳಿಯ ಶಶಿಧರ. ಶಿವಮೊಗ್ಗದ ವಿನೋಬನಗರದ ಹುಡುಗ. ಮಾತುಕತೆಯ ದಿನ ಹುಡುಗನ ಕಡೆಯವರು, "ಹೊಗೆಗೆ ತೆರಿಗೆ ಹಾಕೋ ವಿಚಾರದಲ್ಲಿ ಕೆಲಸ ಮಾಡ್ತಾನೆ" ಎಂದಿದ್ದರು. ಕಲ್ಲಪ್ಪನವರು ತಲೆಯಾಡಿಸಿದ್ದರು. ಹಾಗೆಂದರೇನು ಎಂದು ಕೇಳಲಿಲ್ಲ. ಹೊಸ ಅಳಿಯನ ಕೆಲಸದ ಬಗ್ಗೆ ಮಾವನಾದವನು ಕೆದಕಿ ಕೇಳಿದರೆ ಅನುಮಾನ ಪಟ್ಟಂತೆ ಎಂಬುದು ಅವರ ಮನೆತನದ ಪದ್ಧತಿ. ಅತ್ತೆಯಾದವಳಂತೂ ಅಳಿಯನ ಎದುರು ನಿಂತು ಮಾತಾಡುವ ಹಾಗೇ ಇಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅದೂ ಗಂಡನಿಗೋ ಮಗಳಿಗೋ ಹೇಳಿದಂತೆ ಮಾಡಿ ಅಳಿಯನಿಗೆ ಮುಟ್ಟಿಸಬೇಕು. ಈ ಪದ್ಧತಿಯಿಂದ ಮನೆಯ ಮರ್ಯಾದೆ ಉಳಿದಿತ್ತು, ಆದರೆ ಯಾರಿಗೂ ಏನೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಕಲ್ಲಪ್ಪನವರು ಶಿವಮೊಗ್ಗದ ಕೋಟೆ ರಸ್ತೆಯ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ದೀಪಾವಳಿಗೆ ಒಂದು ವಾರವಿತ್ತು. ಬೆಳಗಿನ ಬಸ್ಸು ಮಾಚೇನಹಳ್ಳಿ ದಾಟುವಾಗ ಪಕ್ಕದಲ್ಲಿ ಕೂತಿದ್ದ ಭೀಮೇಶ ಕಿಟಕಿಯಾಚೆ ಬೆರಳು ಮಾಡಿದ. ಭೀಮೇಶ ಅವರ ಬೀದಿಯ ತುದಿಯಲ್ಲಿ ಸೌದೆ ಒಲೆಯ ಬೇಕರಿ ಇಟ್ಟವನು.

"ಕಲ್ಲಪ್ಪಣ್ಣ, ಆ ಫ್ಯಾಕ್ಟರಿ ಟೆರೇಸ್ ಮೇಲೆ ನಿಂತಿರೋದು ನಿಮ್ಮ ಅಳಿಯ ಅಲ್ವಾ?"

ಹೌದು, ಅವರ ಅಳಿಯನೇ. ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಒಂದು ಪೆಟ್ಟಿಗೆ, ಕಣ್ಣು ಚಿಮಣಿಯ ಮೇಲೆ. ಪಕ್ಕದಲ್ಲಿ ಕಾರ್ಖಾನೆಯ ಮಾಲೀಕನೇ ಇರಬೇಕು, ಕೈಕಟ್ಟಿ ನಿಂತಿದ್ದ. ಕಲ್ಲಪ್ಪನವರು ಜೀವಮಾನದಲ್ಲೇ ಮೊದಲ ಬಾರಿಗೆ ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

"ಅವರೇ ಮಾರಾಯ. ಹೊಗೆ ನೋಡಿ ಟ್ಯಾಕ್ಸ್ ಹಾಕೋ ಕೆಲಸ."

"ಹೊಗೆಗೂ ಟ್ಯಾಕ್ಸಾ?"

"ಮತ್ತೆ? ಎಲ್ಲಿ ಹೊಗೆ ಏಳುತ್ತೋ ಅಲ್ಲಿ ಟ್ಯಾಕ್ಸು. ಸಣ್ಣದು ದೊಡ್ಡದು ಅಂತ ಇಲ್ಲ. ನಮ್ಮ ಅಳಿಯಂದ್ರು ಬರೆದ್ರು ಅಂದ್ರೆ ಮುಗೀತು, ಅಳಿಸೋರು ಯಾರೂ ಇಲ್ಲ."

ಇದರಲ್ಲಿ ಒಂದಕ್ಷರವೂ ಅವರಿಗೆ ಗೊತ್ತಿದ್ದ ವಿಷಯವಲ್ಲ. ಬಾಯಿಗೆ ಬಂತು, ಹೇಳಿದರು. ಹೆದರುವ ಮನುಷ್ಯನಿಗೆ ಬೇರೆಯವರು ಹೆದರುವುದನ್ನು ನೋಡುವ ಸುಖ ಅಪರೂಪಕ್ಕೆ ಸಿಗುತ್ತದೆ. ಭೀಮೇಶನ ಮುಖ ಬಿಳುಚಿಕೊಂಡದ್ದನ್ನು ಕಂಡು ಇವರಿಗೆ ಇನ್ನೂ ಎರಡು ಮಾತು ಸೇರಿಸುವ ಉಮೇದು ಬಂತು, ಅಷ್ಟರಲ್ಲಿ ಬಸ್ಸು ಶಿವಮೊಗ್ಗ ಮುಟ್ಟಿತು.

ಸಂಜೆ ಮನೆಗೆ ಬಂದರೆ ಜಗಲಿಯ ಮೇಲೆ ಬೆಣ್ಣೆ ಬಿಸ್ಕತ್ತಿನ ಡಬ್ಬ. ಭೀಮೇಶ ಕೊಟ್ಟು ಹೋದದ್ದು. ಕೈಕಾಲು ತೊಳೆಯುವಷ್ಟರಲ್ಲಿ ಪಕ್ಕದ ಮನೆಯ ವೀರಪ್ಪ ಬಂದರು. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ಕುಲುಮೆಯ ಮುಂದೆ ಜೀವ ಸವೆಸಿದವರು, ಯಾವುದಕ್ಕೂ ಜಗ್ಗದವರು. ಅವರು ಇಂದು ಬೀಡಿಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದರು.

"ಕಲ್ಲಪ್ಪ, ಬೀಡಿಗೂ ಇದ್ಯಾ?"

ಕಲ್ಲಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. "ದಿನಕ್ಕೆ ಒಂದೆರಡಾದ್ರೆ ವಿನಾಯಿತಿ ಇರಬಹುದು. ಕಟ್ಟುಗಟ್ಟಲೆ ಆದ್ರೆ ಕಷ್ಟ. ನಾನು ಅಳಿಯಂದ್ರ ಹತ್ರ ಮಾತಾಡಿ ನೋಡ್ತೀನಿ."

ಆಮೇಲೆ ಎದುರು ಮನೆಯ ಈಶ್ವರಮ್ಮ ಬಂದರು. ಅವರಿಗೆ ತಮ್ಮ ಚಿಂತೆಗಿಂತ ಬೇರೆಯವರ ಚಿಂತೆ ಹೆಚ್ಚು. ಹಿಂದಿನ ಸಾಲಿನವರು ಎರಡು ಬಚ್ಚಲೊಲೆ ಉರಿಸುತ್ತಾರೆ, ಮೂಲೆ ಮನೆಯವರು ಕಸಕ್ಕೆ ಬೆಂಕಿ ಇಡುತ್ತಾರೆ, ಭೀಮೇಶನ ಒಲೆಯಂತೂ ಹಗಲೂ ರಾತ್ರಿ ಆರುವುದಿಲ್ಲ ಎಂದೆಲ್ಲ ವರದಿ ಒಪ್ಪಿಸಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ನನ್ನದು ಬರೀ ಊದುಬತ್ತಿ ಕಣಪ್ಪ, ಅದೂ ದೇವರಿಗೆ. ಸ್ವಲ್ಪ ನೋಡ್ಕೊ" ಎಂದರು. ಕಲ್ಲಪ್ಪನವರು ಅಭಯಹಸ್ತ ತೋರಿಸಿದರು.

ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ಹೆಂಡತಿ ತುಂಗಮ್ಮ, "ರೀ, ಇಲ್ಲದ್ದನ್ನೆಲ್ಲ ಹೇಳಿ ಊರು ಹೆದರಿಸ್ತಿದೀರಲ್ಲ, ನಿಮಗೆ ಏನಾದ್ರೂ ಗೊತ್ತಾ?" ಎಂದು ಕೇಳಿದರು.

"ಗೊತ್ತಿಲ್ದೆ ಮಾಲೀಕ ಕೈಕಟ್ಟಿ ನಿಂತಿದ್ನೇನೆ?" ಎಂದು ಕಲ್ಲಪ್ಪನವರು ಬಿಸ್ಕತ್ತು ಕಡಿದರು.

ಈ ವೈಭವ ನಡೆದದ್ದು ಮಗಳು ಸುಶ್ಮಿತಾಳ ಫೋನು ಬರುವವರೆಗೆ.

"ಅಪ್ಪಾ, ಹಬ್ಬಕ್ಕೆ ಹಿಂದಿನ ದಿನಾನೇ ಬರ್ತೀವಿ. ಇವರು ಮೆಷಿನ್ ಪೆಟ್ಟಿಗೆನೂ ತರ್ತಾರಂತೆ. ಹಬ್ಬದ ಬೆಳಗ್ಗೆ ನಮ್ಮ ಬೀದೀಲಿ ಹೊಗೆ ಎಷ್ಟಿರುತ್ತೆ ಅಂತ ಅಳೀಬೇಕಂತೆ. ನಮ್ಮ ಟೆರೇಸ್ ಮೇಲೆ ಇಡಬಹುದಾ ಅಂತ ಕೇಳ್ತಿದಾರೆ."

ಕಲ್ಲಪ್ಪನವರು ಕೂತಲ್ಲೇ ಕುಸಿದರು. ಕುಸಿದಾಗ ಕಣ್ಣು ನೇರವಾಗಿ ಹೋಗಿ ನಿಂತದ್ದು ಹಿತ್ತಲಿನಲ್ಲಿ ಸ್ವಂತ ಬಚ್ಚಲುಮನೆಯ ಮೇಲೆ ಎದ್ದು ನಿಂತಿದ್ದ ಚಿಮಣಿಯ ಮೇಲೆ. ಇಡೀ ಬೀದಿಯಲ್ಲಿ ಅದರಷ್ಟು ಎತ್ತರದ್ದು ಇನ್ನೊಂದಿಲ್ಲ. ಕಟ್ಟಿಸಿದಾಗ ಅವರೇ ಹಟ ಹಿಡಿದು ಎತ್ತರ ಮಾಡಿಸಿದ್ದರು. ಅದರ ಬಾಯಿ ಮಸಿ ಹಿಡಿದು ಕಪ್ಪಾಗಿತ್ತು.

"ಒಳ್ಳೆ ಆಫೀಸರು ಯಾವತ್ತೂ ಸ್ವಂತದವರಿಂದಲೇ ಶುರು ಮಾಡೋದು ಕಣೆ" ಎಂದರು ಹೆಂಡತಿಗೆ. "ಮಾವನ ಮನೆ ಅಂತ ಬಿಟ್ಟ ಅಂತ ನಾಳೆ ನಾಲ್ಕು ಜನ ಹೇಳಬಾರದಲ್ಲ. ಮೊದಲ ನೋಟಿಸು ನಮಗೇ."

"ಬಂದ್ರೆ ಬರಲಿ. ಅಳಿಯಂದ್ರನ್ನೇ ಕೇಳಿಬಿಡಿ ಒಂದು ಸಲ."

"ಹೊಸ ಅಳಿಯನ್ನ ಹಂಗೆಲ್ಲ ಕೇಳಕ್ಕಾಗುತ್ತಾ ಮಾರಾಯ್ತಿ? ಅದೂ ಅಲ್ದೆ, ನೋಟಿಸ್ ಬಂದ್ಮೇಲೆ ಬೀಗರು ಏನಂದ್ಕೊಳ್ತಾರೆ? ತೆರಿಗೆ ಹಾಕೋನ ಹೆಂಡತಿ ಹೊಗೆ ಕಳ್ಳನ ಮಗಳು ಅಂತ ಆ ಮನೇಲಿ ನಮ್ಮ ಹುಡುಗಿ ತಲೆ ತಗ್ಗಿಸಬೇಕಾಗುತ್ತೆ!"

ಒಬ್ಬಳೇ ಮಗಳು. ಮದುವೆಯಾದ ಮೇಲೆ ಮೊದಲ ದೀಪಾವಳಿ. ಅಳಿಯನಿಗೆ ಹಂಡೆಯ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿಸದಿದ್ದರೆ ಅವಮಾನ. ಹಂಡೆಗೆ ಉರಿ ಹಾಕಿದರೆ ಸರ್ವನಾಶ. ಆ ಕಡೆ ಹೋದರೂ ಮಗಳ ಬಾಳು, ಈ ಕಡೆ ಹೋದರೂ ಮಗಳ ಬಾಳು. ಅಂದು ಅವರಿಗೆ ಊಟ ಸೇರಲಿಲ್ಲ.

ಮಾರನೆಯ ಸಂಜೆ ಬೇಕರಿಯ ಮುಂದೆ ಬೀದಿಯ ಸಭೆ ಸೇರಿತು. ಪೆಟ್ಟಿಗೆ ಬರುತ್ತಿದೆ ಎಂಬ ಸುದ್ದಿ ಕೇಳಿದ ಮೇಲೆ ಯಾರ ಮುಖದಲ್ಲೂ ಹಬ್ಬದ ಕಳೆ ಇರಲಿಲ್ಲ. ಕಲ್ಲಪ್ಪನವರು ಎದ್ದು ನಿಂತು ತೀರ್ಮಾನ ಹೇಳಿದರು. ಅಳಿಯ ಊರಲ್ಲಿರುವಷ್ಟು ಹೊತ್ತು ಬೀದಿಯಲ್ಲಿ ಒಂದೆಳೆ ಹೊಗೆ ಏಳಕೂಡದು. ಸ್ನಾನಕ್ಕೆ ಎಲ್ಲರೂ ಕರೆಂಟಿನ ಕಾಯಿಲ್ ಹಾಕಿ ನೀರು ಕಾಯಿಸಬೇಕು. ತಾವೇ ಶಿವಮೊಗ್ಗದಿಂದ ಚೀಲ ತುಂಬ ಕಾಯಿಲ್ ತಂದುಕೊಡುತ್ತಾರೆ.

"ಹಬ್ಬದ ಹೊತ್ತಲ್ಲಿ ಒಲೆ ಆರಿಸಿದ್ರೆ ನನ್ನ ವ್ಯಾಪಾರ?" ಎಂದು ಭೀಮೇಶ ಗೋಳಾಡಿದ.

"ವ್ಯಾಪಾರ ಬೇಕೋ, ಬೇಕರಿ ಬೇಕೋ?" ಎಂದರು ಕಲ್ಲಪ್ಪನವರು. ಭೀಮೇಶ ಬೇಕರಿಯನ್ನೇ ಆರಿಸಿಕೊಂಡ.

ನೀರು ತುಂಬುವ ಹಬ್ಬದ ದಿನ ತುಂಗಮ್ಮ ಪದ್ಧತಿಯಂತೆ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿ, ಗಂಟೆ ಬಾರಿಸಿ ನೀರು ತುಂಬಿದರು. ಕಲ್ಲಪ್ಪನವರು ಹಿಂದಿನಿಂದ ಬಂದು ಬಳ್ಳಿಯ ಮರೆಯಲ್ಲಿ ಎರಡು ಕಾಯಿಲ್ ಇಳಿಬಿಟ್ಟರು. ಒಲೆಯ ಬಾಯಿಗೆ ಒಂದು ಹಲಗೆ ಅಡ್ಡ ಇಟ್ಟು ಅದರ ಮೇಲೆ ಮಗಳು ಹಿಂದೆ ಯಾವಾಗಲೋ ಬಿಡಿಸಿದ್ದ ನವಿಲಿನ ಚಿತ್ರ ಒರಗಿಸಿದರು. ಅಲ್ಲಿ ಒಲೆ ಇತ್ತೆಂದು ಯಾರೂ ಹೇಳುವಂತಿರಲಿಲ್ಲ. ಬಚ್ಚಲುಮನೆಯಲ್ಲಿ ನವಿಲು ಯಾಕೆ ಎಂದು ಮಾತ್ರ ಎಲ್ಲರೂ ಕೇಳುವಂತಿತ್ತು.

ಸಂಜೆ ಅಳಿಯ ಬಂದ. ಒಂದು ಕೈಯಲ್ಲಿ ಸಿಹಿ, ಇನ್ನೊಂದರಲ್ಲಿ ಪೆಟ್ಟಿಗೆ. ಬೀದಿಯ ಉದ್ದಕ್ಕೂ ಜನ ಬಾಗಿಲಲ್ಲಿ ನಿಂತು ಹಲ್ಲು ಕಾಣುವಂತೆ ನಕ್ಕರು. ಈಶ್ವರಮ್ಮನ ಮನೆಯೊಳಗೆ ದೇವರಿಗೆ ಹಚ್ಚದ ಊದುಬತ್ತಿಯಲ್ಲೇ ಪೂಜೆ ನಡೆದಿತ್ತು. ವೀರಪ್ಪ ಬಾಯಲ್ಲಿದ್ದ ಬೀಡಿಯನ್ನು ತೆಗೆದು ಎರಡೂ ತುದಿ ತೋರಿಸಿ, "ಹಚ್ಚಿಲ್ಲ ಸಾರ್. ಸುಮ್ನೆ ಇಟ್ಕೊಂಡಿದೀನಿ, ಅಭ್ಯಾಸಕ್ಕೆ" ಎಂದರು.

ಶಶಿಧರ ಗಲಿಬಿಲಿಗೊಂಡು ಮಾವನ ಮುಖ ನೋಡಿದ. "ಮಾವ, ಇವರಿಗೆಲ್ಲ ಏನಾಗಿದೆ?"

"ಏನಿಲ್ಲ ಅಳಿಯಂದ್ರೇ. ನಮ್ಮದು ಮೊದಲಿಂದಲೂ ಶುದ್ಧವಾದ ಬೀದಿ" ಎಂದರು ಕಲ್ಲಪ್ಪನವರು. ಪೆಟ್ಟಿಗೆ ಟೆರೇಸಿನ ಮೇಲೆ, ಸರಿಯಾಗಿ ಚಿಮಣಿಯ ಎದುರಿಗೇ ಕೂತಿತು. ಅದರ ಕೆಂಪು ದೀಪ ಮಿಣಿಮಿಣಿ ಎನ್ನುತ್ತಿತ್ತು. ಅದು ತಮ್ಮನ್ನೇ ನೋಡುತ್ತಿದೆ ಎಂದು ಕಲ್ಲಪ್ಪನವರಿಗೆ ಅನ್ನಿಸಿ, ಅದರ ಮುಂದೆ ಹಾಯುವಾಗಲೆಲ್ಲ ಉಸಿರು ಬಿಗಿಹಿಡಿದರು. ಬಾಯಿಂದ ಬರುವ ಗಾಳಿಯನ್ನೂ ಅದು ಲೆಕ್ಕಕ್ಕೆ ಹಿಡಿದರೆ ಎಂಬ ಅಂಜಿಕೆ.

ನರಕ ಚತುರ್ದಶಿಯ ಬೆಳಗು. ಕೋಳಿ ಕೂಗುವ ಹೊತ್ತಿಗೆ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಹಚ್ಚಿದ್ದಾಯಿತು. ಹಾಗೆಯೇ ಬೀದಿಯ ಎಲ್ಲ ಮನೆಗಳಲ್ಲೂ ಎಲ್ಲರೂ ಎಣ್ಣೆ ಹಚ್ಚಿಕೊಂಡು ಕೂತರು. ಹಾಗೆಯೇ ಎಲ್ಲರೂ ಒಟ್ಟಿಗೆ ಕಾಯಿಲ್‌ನ ಸ್ವಿಚ್ಚು ಒತ್ತಿದರು.

ಬೀದಿ ತುದಿಯ ಟ್ರಾನ್ಸ್‌ಫಾರ್ಮರು ಢಮ್ಮೆಂದಿತು.

ಅದು ನರಕಾಸುರನ ಹೆಸರಿನಲ್ಲಿ ಹೊಡೆದ ಮೊದಲ ಪಟಾಕಿ ಎಂದುಕೊಂಡು ಮಕ್ಕಳು ಕುಣಿದವು. ದೊಡ್ಡವರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕರೆಯತೊಡಗಿದರು. ಎಣ್ಣೆ ಹಚ್ಚಿದ ಕೈಯಿಂದ ಯಾರ ಫೋನೂ ತೆರೆಯಲೊಲ್ಲದು. ಹೇಗೋ ತೆರೆದವರಿಗೆ ಲೈನ್‌ಮ್ಯಾನ್ ಸಿಗಲೊಲ್ಲ. ಅವನೂ ಎಲ್ಲೋ ಎಣ್ಣೆ ಹಚ್ಚಿಕೊಂಡು ಕೂತಿರಬೇಕು. ಹಂಡೆಯ ನೀರು ಚಳಿ ಬಿಟ್ಟಷ್ಟೂ ಆಗಿರಲಿಲ್ಲ. ಮಣೆಯ ಮೇಲೆ ತುಂಡು ಪಂಚೆಯಲ್ಲಿ ಕೂತಿದ್ದ ಅಳಿಯ ಒಮ್ಮೆ ಸೀನಿದ.

ಮೊದಲ ದೀಪಾವಳಿಗೆ ಬಂದ ಅಳಿಯ ಮಾವನ ಮನೆಯಲ್ಲಿ ನೆಗಡಿ ಹಿಡಿಸಿಕೊಂಡು ಹೋದನೆಂದರೆ ಬೀಗರು ಅದನ್ನು ಮೂರು ತಲೆಮಾರು ಆಡುತ್ತಾರೆ. ಅಳಿಯ ಎರಡನೆಯ ಸಲ ಸೀನಿದ.

"ಪಕ್ಕಕ್ಕೆ ಸರೀರಿ" ಎಂದರು ತುಂಗಮ್ಮ. ನವಿಲನ್ನು ಎತ್ತಿ ಆಚೆಗಿಟ್ಟರು.

"ಬೇಡ ಕಣೆ! ಮೇಲೆ ಮೆಷಿನ್ ಇದೆ!"

"ಮೆಷಿನ್ ಬಂದು ಅಳಿಯಂದ್ರಿಗೆ ನೀರು ಹಾಕುತ್ತಾ?"

ಬೆಂಕಿ ಕಡ್ಡಿ ಗೀರಿದ ಸದ್ದು ಕೇಳಿ ಕಲ್ಲಪ್ಪನವರು ಕಣ್ಣು ಮುಚ್ಚಿಕೊಂಡರು. ಒಲೆಯೊಳಗಿನ ಅಡಿಕೆ ಸಿಪ್ಪೆ ಹಿಂದಿನ ದಿನದಿಂದ ಹಲಗೆಯ ಹಿಂದೆ ತಂಡಿ ಹಿಡಿದಿತ್ತು. ಉರಿಯಲಿಲ್ಲ, ಹೊಗೆಯಿತು. ತುಂಗಮ್ಮ ಊದುಗೊಳವೆ ಹಿಡಿದು ಊದಿದಷ್ಟೂ ಚಿಮಣಿಯಿಂದ ಕರೀ ಹೊಗೆ ಉರುಳುರುಳಾಗಿ ಎದ್ದಿತು.

ಆಚೆ ಮನೆಯ ಅಂಗಳದಲ್ಲಿ ಎಣ್ಣೆ ಸುರಿಸುತ್ತ ನಡುಗುತ್ತಿದ್ದ ಭೀಮೇಶ ಅದನ್ನು ಕಂಡ. ಅವನು ವ್ಯಾಪಾರಿ, ತಲೆ ಬೇಗ ಓಡಿತು. "ಕಲ್ಲಪ್ಪಣ್ಣನ ಚಿಮಣಿ ಹತ್ತಿದೆ!" ಎಂದು ಕೂಗಿದ. "ಅಳಿಯ ತನ್ನ ಸ್ನಾನದ ಹೊಗೆಗೆ ತಾನೇ ಟ್ಯಾಕ್ಸ್ ಹಾಕ್ಕೊಳ್ತಾನಾ? ಬಿದ್ರೂ ಒಂದೇ ಚಿಮಣಿಗೆ. ಎಲ್ಲ ಅಲ್ಲೇ ಕಾಯಿಸ್ಕೊಳ್ಳಿ!"

ಹೊಗೆಗೆ ತೆರಿಗೆ ಹಾಕುವ ದೊಡ್ಡ ದೊಡ್ಡ ಪಂಡಿತರು ಈ ಉಪಾಯವನ್ನು ಮೊದಲೇ ಯೋಚಿಸಿದ್ದಾರೋ ಇಲ್ಲವೋ ತಿಳಿಯದು. ಹಳೇನಗರದ ಆ ಬೀದಿಗೆ ಅದು ಒಂದೇ ಗಳಿಗೆಯಲ್ಲಿ ಹೊಳೆಯಿತು. ಬಕೆಟ್ಟು, ಕೊಳಗ, ಕೊಡ ಹಿಡಿದು ಎಣ್ಣೆಯ ಮೈಯವರೆಲ್ಲ ಕಲ್ಲಪ್ಪನವರ ಹಿತ್ತಲಿಗೆ ನುಗ್ಗಿದರು. ಬರಿಗೈಯಲ್ಲಿ ಬರುವುದು ಸರಿಯಲ್ಲವೆಂದು ಪ್ರತಿಯೊಬ್ಬರೂ ಉರುವಲು ತಂದರು. ಈಶ್ವರಮ್ಮ ಹಸಿ ತೆಂಗಿನಗರಿ ಎಳೆದು ತಂದರು. ವೀರಪ್ಪ ಬಣ್ಣ ಬಳಿದ ಹಳೆಯ ಕುರ್ಚಿಯನ್ನು ಮುರಿದು ತಂದರು. ಭೀಮೇಶ ಒಂದು ಮೂಟೆ ಮರದ ಹೊಟ್ಟನ್ನೇ ಹೊತ್ತು ತಂದು ಒಲೆಗೆ ಸುರಿದ. ಮನೆ ಕಾಣದಾಯಿತು. ಯಾರು ಯಾರ ಬಕೆಟ್ಟಿಗೆ ನೀರು ಹಾಕುತ್ತಿದ್ದಾರೆಂದು ತಿಳಿಯದಾಯಿತು. ಒಳಗಿನಿಂದ ತುಂಗಮ್ಮನ ಊದುಗೊಳವೆಯ ಸದ್ದು ಮಾತ್ರ ಬಿಡದೆ ಕೇಳುತ್ತಿತ್ತು.

ಅಷ್ಟರಲ್ಲಿ ಟೆರೇಸಿನ ಮೇಲೆ ಬ್ಯಾಟರಿಯಿಂದ ಓಡುತ್ತಿದ್ದ ಪೆಟ್ಟಿಗೆ ಕೀಂ ಕೀಂ ಎಂದು ಕಿರುಚತೊಡಗಿತು.

ಕಲ್ಲಪ್ಪನವರು ಮೆಟ್ಟಿಲು ಹತ್ತಿದ ವೇಗಕ್ಕೆ ಅವರ ಮಂಡಿನೋವೇ ಬೆಚ್ಚಿ ಹಿಂದುಳಿಯಿತು. ಮೈಮೇಲಿನ ಪಂಚೆಯನ್ನೇ ಬಿಚ್ಚಿ ಪೆಟ್ಟಿಗೆಗೆ ಹೊದಿಸಿದರು. ಕಿರುಚಾಟ ನಿಲ್ಲಲಿಲ್ಲ. ಅದರ ಮೇಲೆ ಕುಕ್ಕೆ ಮುಚ್ಚಿದರು. ನಿಲ್ಲಲಿಲ್ಲ. ಕೊನೆಗೆ ಚಡ್ಡಿ ಬನಿಯನ್ನಿನಲ್ಲಿ ಅದನ್ನು ಅಪ್ಪಿಕೊಂಡು ಕೂತು, ಕೂಸಿಗೆ ಹೇಳುವಂತೆ, "ಸುಮ್ನಿರಪ್ಪ, ಸುಮ್ನಿರು, ಇವತ್ತೊಂದಿನ" ಎಂದು ಬೇಡಿಕೊಂಡರು.

"ಮಾವ?"

ಮೆಟ್ಟಿಲ ತಲೆಯಲ್ಲಿ ಅಳಿಯ ನಿಂತಿದ್ದ. ತಲೆಯಲ್ಲಿ ಸೀಗೆಪುಡಿ, ಕಣ್ಣಲ್ಲಿ ಎಣ್ಣೆ, ಹಿಂದೆ ಬಕೆಟ್ಟು ಹಿಡಿದ ಇಡೀ ಬೀದಿ.

ಕಲ್ಲಪ್ಪನವರು ಕೈಮುಗಿದರು. ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ. "ಹಾಕಿಬಿಡಿ ಅಳಿಯಂದ್ರೇ. ಎಲ್ಲಾನೂ ನನ್ನೊಬ್ಬನ ಮೇಲೇ ಹಾಕಿ. ನನ್ನ ಚಿಮಣಿ, ನನ್ನ ಹೊಗೆ. ಆದ್ರೆ ನಮ್ಮ ಹುಡುಗಿನ ಮಾತ್ರ ಏನೂ ಅನ್ಬೇಡಿ. ಅವಳು ಏನೂ ಮಾಡಿಲ್ಲ."

"ಏನು ಹಾಕ್ಲಿ ಮಾವ?"

"ಟ್ಯಾಕ್ಸು!"

ಶಶಿಧರ ಪೆಟ್ಟಿಗೆಯನ್ನು ಮಾವನ ತೋಳಿನಿಂದ ಬಿಡಿಸಿ ಆರಿಸಿದ. ಪಂಚೆಯನ್ನು ಮಾವನಿಗೆ ಕೊಟ್ಟ.

"ನಾನು ಟ್ಯಾಕ್ಸ್ ಹಾಕೋನಲ್ಲ ಮಾವ. ನಾನು ಸರ್ಕಾರದವನೂ ಅಲ್ಲ. ಕಾರ್ಖಾನೆಗಳ ಹೊಗೆಗೆ ಟ್ಯಾಕ್ಸ್ ಹಾಕಿದ್ರೆ ಏನಾಗಬಹುದು ಅಂತ ಒಂದು ಸಂಸ್ಥೆಗೆ ವರದಿ ಬರೆಯೋನು, ಅಷ್ಟೇ. ಬಚ್ಚಲೊಲೆಗೆ ಯಾರೂ ಹಾಕಲ್ಲ. ಹಬ್ಬದ ದಿನದ್ದು ಸುಮ್ನೆ ಹೋಲಿಸಿ ನೋಡೋಕೆ ಬೇಕಿತ್ತು."

ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ವೀರಪ್ಪ ಅಲ್ಲೇ ಬೀಡಿ ಹಚ್ಚಿದರು. ಭೀಮೇಶನಿಗೆ ಬಿಸ್ಕತ್ತಿನ ಡಬ್ಬ ನೆನಪಾಗಿ ಕಲ್ಲಪ್ಪನವರನ್ನು ದುರುಗುಟ್ಟಿಕೊಂಡು ನೋಡಿದ. ಆದರೂ ವ್ಯಾಪಾರಿಯ ಕುತೂಹಲ ತಡೆಯದೆ, "ಅಲ್ಲ ಸಾರ್, ಕಾರ್ಖಾನೆಗಾದ್ರೂ ಯಾಕೆ ಹಾಕ್ಬೇಕು?" ಎಂದು ಕೇಳಿದ.

"ಈಗ ಹೊಗೆ ಬಿಡೋನಿಗೆ ಅದರ ನೋವಿಲ್ಲ" ಎಂದ ಶಶಿಧರ, ಮೆಟ್ಟಿಲಿಳಿಯುತ್ತ. "ಲಾಭ ಅವನದ್ದು. ಕೆಮ್ಮು ಪಕ್ಕದೋನದ್ದು. ಆ ನೋವನ್ನ ತಿರುಗಿಸಿ ಬಿಡೋನ ಮೇಲೇ ಹಾಕಿದ್ರೆ, ಹೊಗೆ ಕಡಿಮೆ ಮಾಡೋ ದಾರಿ ಅವನೇ ಹುಡುಕ್ತಾನೆ. ಟ್ಯಾಕ್ಸ್ ಅಂದ್ರೆ ಇಷ್ಟೇ."

"ನ್ಯಾಯವಾಗಿದೆ" ಎಂದು ಎಲ್ಲರೂ ತಲೆಯಾಡಿಸಿದರು. ತಮಗೆ ತಗಲದ ತೆರಿಗೆ ಎಲ್ಲರಿಗೂ ನ್ಯಾಯವಾಗಿಯೇ ಕಾಣುತ್ತದೆ. ಕಲ್ಲಪ್ಪನವರು ಪಂಚೆ ಉಟ್ಟುಕೊಂಡು, ಈ ವಿಷಯ ತಮಗೆ ಮೊದಲಿನಿಂದಲೂ ಗೊತ್ತಿತ್ತು ಎಂಬ ಮುಖ ಮಾಡಿದರು.

ಆಗ ಬಚ್ಚಲುಮನೆಯ ಬಾಗಿಲು ತೆರೆಯಿತು.

ತುಂಗಮ್ಮ ಹೊರಗೆ ಬಂದರು. ತಲೆಗೂದಲಲ್ಲಿ ಬೂದಿ, ಕೆನ್ನೆಯ ಮೇಲೆ ಮಸಿ, ಕಣ್ಣು ಕೆಂಡ. ಮೈಗೆ ಒಂದು ಹನಿ ಎಣ್ಣೆ ಸೋಕಿರಲಿಲ್ಲ. ಬೀದಿಯವರೆಲ್ಲ ಬಕೆಟ್ಟು ತುಂಬ ಬಿಸಿನೀರು ಹಿಡಿದು ನಿಂತಿದ್ದರು, ಇವರು ಎದ್ದ ಸೀರೆಯಲ್ಲೇ ಇದ್ದರು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಬಾಗಿಲ ಮರೆಯನ್ನೂ ಗಂಡನ ಮರೆಯನ್ನೂ ಬಿಟ್ಟು, ನೇರವಾಗಿ ಅಳಿಯನ ಮುಂದೆ ನಿಂತರು.

"ಅಳಿಯಂದ್ರೇ, ನೀವು ಹೇಳಿದ್ದು ಒಳಗೆ ಕೇಳಿಸ್ತು. ಈ ಮನೇಲಿ ನಾನು ಮದುವೆಯಾಗಿ ಬಂದಾಗಿಂದ ಬಿಸಿನೀರು ಸುರ್ಕೊಳ್ಳೋರು ಒಬ್ಬರು, ಹೊಗೆ ಕುಡಿಯೋಳು ಒಬ್ಬಳು. ಇದು ನಿಮ್ಮ ವರದಿಗೆ ಬರುತ್ತಾ?"

ಶಶಿಧರ ಮಾವನನ್ನು ನೋಡಿದ, ಅತ್ತೆಯನ್ನು ನೋಡಿದ, ಹಿಂದೆ ನಿಂತ ಹೆಂಡತಿಯನ್ನು ನೋಡಿದ. ಹೆಂಡತಿಯ ಕಣ್ಣಲ್ಲೂ ಅದೇ ಪ್ರಶ್ನೆ ಇತ್ತು.

"ಬರುತ್ತೆ ಅತ್ತೆ" ಎಂದ.

"ಹಂಗಾದ್ರೆ ಹಾಕಿ."

"ಯಾರ... ಯಾರ ಮೇಲೆ ಅತ್ತೆ?"

ತುಂಗಮ್ಮ ಊದುಗೊಳವೆ ಎತ್ತಿದರು. ಅದು ವೀರಪ್ಪನವರ ಮುಂದೆ ಹಾಯಿತು, ಬೀಡಿ ಕೆಳಗೆ ಬಿತ್ತು. ಭೀಮೇಶನ ಮುಂದೆ ಹಾಯಿತು, ಅವನು ಬಕೆಟ್ಟಿನ ಹಿಂದೆ ಅಡಗಿದ. ಬಂದು ಕಲ್ಲಪ್ಪನವರ ಎದೆಯ ಮುಂದೆ ನಿಂತಿತು. ಯಾವ ಇಲಾಖೆಯ ಯಾವ ಲಕೋಟೆಗೂ ಅವರು ಆ ಬೆಳಗಿನಷ್ಟು ಹೆದರಿದ್ದಿಲ್ಲ. ಎರಡೂ ಕೈ ಚಾಚಿ ಊದುಗೊಳವೆಯನ್ನು ತೆಗೆದುಕೊಂಡರು.

ಸುಶ್ಮಿತಾ ಅಮ್ಮನನ್ನು ಅಳಿಯನ ಮಣೆಯ ಮೇಲೆಯೇ ಕೂರಿಸಿ ನೆತ್ತಿಗೆ ಎಣ್ಣೆ ಇಟ್ಟಳು. ಹಂಡೆ ತಳ ಕಂಡಿತ್ತು. ಅಳಿಯನೇ ಬಾವಿಯಿಂದ ಸೇದಿ ತುಂಬಿದ. ಕಲ್ಲಪ್ಪನವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದಿದರು. ಮೊದಲ ಉಸಿರಿಗೇ ಹೊಗೆ ತಿರುಗಿ ಬಂದು ಮೂಗು, ಬಾಯಿ, ಕಣ್ಣು ಎಲ್ಲ ತುಂಬಿತು. ಇದು ಇಷ್ಟು ಉರಿಯುತ್ತದೆಂದು ಅವರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೆಮ್ಮುತ್ತ, "ನೀನು ಯಾಕೆ ಹೇಳಿರಲಿಲ್ಲ ಮಾರಾಯ್ತಿ?" ಎಂದರು.

"ಚಿಮಣಿ ಎತ್ತರ ಮಾಡಿಸುವಾಗ ನೀವು ಕೇಳಿದ್ರಾ?" ಎಂದಿತು ಮಣೆಯ ಮೇಲಿನ ದನಿ.

ಹಿತ್ತಲಿನಲ್ಲಿ ನೆರೆದಿದ್ದ ಹೆಂಗಸರು ಒಬ್ಬೊಬ್ಬರಾಗಿ ತಂತಮ್ಮ ಗಂಡಂದಿರ ಕಡೆಗೆ ತಿರುಗಿದರು. ಗಂಡಸರು ಒಬ್ಬೊಬ್ಬರಾಗಿ ಬಕೆಟ್ಟು ಎತ್ತಿಕೊಂಡು ಮೆಲ್ಲಗೆ ಮನೆಯ ದಾರಿ ಹಿಡಿದರು. ಸ್ವಲ್ಪ ಹೊತ್ತಿನಲ್ಲೇ ಬೀದಿಯ ಒಂದೊಂದು ಚಿಮಣಿಯಿಂದಲೂ ಹೊಗೆ ಎದ್ದಿತು, ಒಂದೊಂದು ಬಚ್ಚಲಿನಿಂದಲೂ ಗಂಡಸರ ಕೆಮ್ಮು ಕೇಳಿಬಂತು.

ಬಿಸಿಲೇರುವ ಹೊತ್ತಿಗೆ ಲೈನ್‌ಮ್ಯಾನ್ ಬಂದು ಟ್ರಾನ್ಸ್‌ಫಾರ್ಮರ್ ಸರಿಮಾಡಿದ. ಬಚ್ಚಲುಮನೆಯ ದೀಪ ಫಕ್ಕನೆ ಹೊತ್ತಿಕೊಂಡಿತು. ಕಲ್ಲಪ್ಪನವರ ಮುಖ ಅರಳಿತು. ಊದುಗೊಳವೆಯನ್ನು ಕೆಳಗಿಟ್ಟು, "ಕರೆಂಟ್ ಬಂತು ಕಣೆ!" ಎಂದು ಕಾಯಿಲ್‌ನ ಸ್ವಿಚ್ಚಿಗೆ ಕೈ ಚಾಚಿದರು.

"ಕಾಯಿಲ್ ಮುಟ್ಟಬೇಡಿ" ಎಂದರು ತುಂಗಮ್ಮ. "ಇವತ್ತು ಊದಿ. ನಾಳೆ ನೋಡೋಣ."

ಕಲ್ಲಪ್ಪನವರು ಕಣ್ಣೊರೆಸಿಕೊಂಡು ಊದಿದರು.